ಮೊದಲು ನೀರು, ಆಮೇಲೆ ಬಾಚಣಿಗೆ

ಒಂದು ದಿನ ಬೆಳಿಗ್ಗೆ ನನ್ನ ಮಗಳು ನನ್ನ ಹಳದಿ ವೇಲನ್ನು ತಲೆಗೆ ಹೊದ್ದು, ಎರಡು ಕ್ಲಿಪ್ ಸಿಕ್ಕಿಸಿಕೊಂಡು, ಕನ್ನಡಿ ಮುಂದೆ ನಿಂತು ಕುತ್ತಿಗೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸುತ್ತಿದ್ದಳು. ವೇಲು ಬೆನ್ನ ಮೇಲೆ ಹಾರಾಡುತ್ತಿತ್ತು. “ಏನೇ ಪುಟ್ಟಿ ಇದು?” ಅಂದೆ. “ಇದು ನನ್ನ ಕೂದಲು” ಅಂದಳು. “ಕೆಳಗೆ ಬೀಳೋ ಕೂದಲು.” ಆಗ ಅವಳಿಗೆ ನಾಲ್ಕೂವರೆ ವರ್ಷ.

ನಾನು ಶಿರಸಿ ಕಡೆಯವಳು. ನನ್ನ ಗಂಡ ಬಾಲ್ಟಿಮೋರಿನಲ್ಲಿ ಹುಟ್ಟಿ ಬೆಳೆದ ಕಪ್ಪು ಅಮೆರಿಕನ್. ಮೇರಿಲ್ಯಾಂಡಿನಲ್ಲೇ ನಮ್ಮ ಮನೆ. ಮಗಳಿಗೆ ಕೂದಲು ಅಪ್ಪನ ಕಡೆಯಿಂದ ಬಂದಿದೆ, ಹಠ ನನ್ನ ಅಮ್ಮನದು. ಆ ರಾತ್ರಿ ವೇಲಿನ ಕತೆ ಹೇಳಿದಾಗ ಗಂಡ ಮೊದಲು ನಕ್ಕ, ಆಮೇಲೆ ಸುಮ್ಮನಾದ. “ನಮ್ಮಕ್ಕ ಟವೆಲ್ ಹಾಕಿಕೊಂಡು ಇದನ್ನೇ ಮಾಡ್ತಿದ್ದಳು” ಅಂದ. ಅತ್ತೆಗೆ ಫೋನ್ ಮಾಡಿದರೆ, “ನಾನೂ ಮಾಡಿದ್ದೇನೆ ಬೇಬಿ. ನಂದು ನಮ್ಮಮ್ಮನ ಒಳಲಂಗ” ಅಂದರು.

ಮೂರು ತಲೆಮಾರು, ಒಂದೇ ಆಟ. 1940ರ ದಶಕದಲ್ಲಿ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿ ಕಪ್ಪು ಮಕ್ಕಳ ಮುಂದೆ ಕಂದು ಗೊಂಬೆ, ಬಿಳಿ ಗೊಂಬೆ ಇಟ್ಟು ಯಾವುದು ಚೆಂದ, ಯಾವುದು ಒಳ್ಳೆಯದು ಅಂತ ಕೇಳಿದ್ದರು. ಹೆಚ್ಚಿನ ಮಕ್ಕಳು ಬಿಳಿ ಗೊಂಬೆ ತೋರಿಸಿದರು. ಶಾಲೆಗಳಲ್ಲಿ ಬಿಳಿಯರು ಕಪ್ಪು ಜನ ಅಂತ ಬೇರೆ ಬೇರೆ ಕೂರಿಸೋದು ತಪ್ಪು ಅಂತ 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದಾಗ ಈ ಕೆಲಸದ ಉಲ್ಲೇಖವೂ ಇತ್ತು. ನಾನು ಇದನ್ನು ಕಾಲೇಜಿನಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಮಾರ್ಕ್ಸ್ ತೆಗೆದುಕೊಂಡಿದ್ದೆ. ನನ್ನದೇ ವೇಲು ನನ್ನದೇ ಮಗಳ ತಲೆ ಮೇಲೆ ಕಾಣೋ ತನಕ ಅದು ನನ್ನ ಮನೆಯ ವಿಷಯ ಅಂತ ಹೊಳೆದಿರಲಿಲ್ಲ.

ನನ್ನ ಪಾಲಿನ ತಪ್ಪು ಮೊದಲು ಹೇಳಿಬಿಡುತ್ತೇನೆ. ಪುಟ್ಟಿ ಹುಟ್ಟಿದಾಗ ಅವಳ ಕೂದಲು ರೇಷ್ಮೆಯ ಹಾಗೆ ಇತ್ತು. ಎಂಟು ಹತ್ತು ತಿಂಗಳಿಗೆ ಬುಡದಿಂದ ಸುರುಳಿ ಸುರುಳಿಯಾಗಿ ಬರತೊಡಗಿತು. ನನಗೆ ಗೊತ್ತಿದ್ದ ಕೂದಲಿನ ವಿದ್ಯೆ ಒಂದೇ: ಎಣ್ಣೆ ಹಚ್ಚು, ತಿಕ್ಕಿ ತೊಳೆ, ಬಾಚು, ಜಡೆ ಹಾಕು. ಎರಡು ದಿನಕ್ಕೊಮ್ಮೆ ಶಾಂಪೂ ಹಾಕಿದೆ. ಒಣಗಿದ ಮೇಲೆ ಸಣ್ಣ ಹಲ್ಲಿನ ಬಾಚಣಿಗೆಯಿಂದ ನೆತ್ತಿಯಿಂದ ಕೆಳಕ್ಕೆ ಎಳೆದೆ. ಅವಳು ಕಿರುಚುತ್ತಿದ್ದಳು. ಬಾಚಣಿಗೆ ತುಂಬ ತುಂಡು ತುಂಡು ಕೂದಲು. ತಲೆಯ ಹಿಂಭಾಗದಲ್ಲಿ, ದಿಂಬಿಗೆ ತಾಗೋ ಕಡೆ, ಐವತ್ತು ಪೈಸೆಯಷ್ಟಗಲ ಬೋಳಾಯಿತು. ಕೊಬ್ಬರಿ ಎಣ್ಣೆ ಕಮ್ಮಿಯಾಯಿತು ಅಂದುಕೊಂಡು ಇನ್ನಷ್ಟು ಸುರಿದೆ.

ಕೈಗಿಂತ ಬಾಯಿ ಇನ್ನೂ ಕೆಟ್ಟದಾಗಿತ್ತು. “ಅಯ್ಯೋ ಏನಪ್ಪಾ ಈ ಕೂದಲು”, “ಮತ್ತೆ ಸಿಕ್ಕಾಯ್ತಲ್ಲಾ”, “ಇದನ್ನ ಹೇಗಪ್ಪಾ ಬಾಚೋದು”. ಬೈಯುತ್ತಿದ್ದೇನೆ ಅಂತ ನನಗೆ ಅನಿಸಿರಲಿಲ್ಲ. ಸುಮ್ನೆ ನನ್ನಷ್ಟಕ್ಕೆ ಗೊಣಗುತ್ತಿದ್ದೆ. ಆದರೆ ನನ್ನ ಮೊಣಕಾಲುಗಳ ನಡುವೆ ಕೂತವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ವೇಲಿನ ಆಟ ಅವಳು ಟಿವಿಯಿಂದ ಕಲಿತಿದ್ದು ಅಂತ ನಾನು ವಾದಿಸಬಹುದಿತ್ತು. ಅರ್ಧ ನನ್ನಿಂದಲೇ ಕಲಿತಿದ್ದು.

ವೇಲಿನ ವಿಷಯ ಕೇಳಿದ ಶನಿವಾರವೇ ಅತ್ತೆ ಒಂದು ಚೀಲ ಹಿಡಿದುಕೊಂಡು ಬಂದರು. ಚೀಲದಲ್ಲಿ ನೀರು ಚಿಮುಕಿಸೋ ಬಾಟಲಿ, ಅಗಲ ಹಲ್ಲಿನ ಬಾಚಣಿಗೆ, ಇಲಿಬಾಲದಂತೆ ಹಿಡಿ ಚೂಪಾಗಿರೋ ಇನ್ನೊಂದು ಬಾಚಣಿಗೆ, ನಾಲ್ಕು ದೊಡ್ಡ ಕ್ಲಿಪ್, ಒಂದು ಡಬ್ಬಿ ಶಿಯಾ ಬೆಣ್ಣೆ (ಆಫ್ರಿಕಾದ ಮರವೊಂದರ ಬೀಜದಿಂದ ತೆಗೆಯೋ ಕೊಬ್ಬು), ಸ್ಯಾಟಿನ್ ಟೋಪಿ. ಅವರು ಕುರ್ಚಿಯಲ್ಲಿ ಕೂತರು, ಪುಟ್ಟಿಯನ್ನು ಕೆಳಗೆ ದಿಂಬಿನ ಮೇಲೆ ಕೂರಿಸಿದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ, “ನೋಡ್ಕೋ. ಮೊದಲು ನೀರು, ಆಮೇಲೆ ಬಾಚಣಿಗೆ. ಒಣ ಕೂದಲಿಗೆ ಬಾಚಣಿಗೆ ಹಾಕಿದರೆ ನಿನ್ನ ಕೈಗೆ ಹೊಡೀತೀನಿ” ಅಂದರು.

ಯಾಕೆ ಹೀಗೆ ಅನ್ನೋದು ನನಗೆ ಆಮೇಲೆ ಓದಿ ತಿಳಿಯಿತು. ನಮ್ಮ ಕೂದಲಿನ ಎಳೆ ಅಡ್ಡ ಕತ್ತರಿಸಿದರೆ ಸುಮಾರು ದುಂಡಗೆ ಕಾಣುತ್ತದೆ. ಸುರುಳಿ ಕೂದಲಿನದು ಚಪ್ಪಟೆ, ಮೊಟ್ಟೆಯಾಕಾರ. ನೆತ್ತಿಯಲ್ಲಿ ಹುಟ್ಟೋ ಎಣ್ಣೆಯಂಶ ನೆಟ್ಟಗಿನ ಕೂದಲಲ್ಲಿ ಜಾರಿ ತುದಿ ತನಕ ಇಳಿಯುತ್ತದೆ. ಸುರುಳಿಯಲ್ಲಿ ಪ್ರತಿ ತಿರುವಿನಲ್ಲೂ ನಿಲ್ಲುತ್ತದೆ. ಹಾಗಾಗಿ ಬುಡ ಸರಿಯಾಗಿದ್ದರೂ ತುದಿ ಯಾವಾಗಲೂ ಒಣಗಿರುತ್ತದೆ. ಎಳೆ ಮುರಿಯೋದೂ ಆ ತಿರುವುಗಳಲ್ಲೇ. ಎರಡು ದಿನಕ್ಕೊಮ್ಮೆ ಶಾಂಪೂ ಹಾಕಿ ನಾನು ಇದ್ದಬದ್ದ ಎಣ್ಣೆಯಂಶವನ್ನೂ ತೊಳೆದು ಕಳೆಯುತ್ತಿದ್ದೆ.

ಮತ್ತೆ ಕೊಬ್ಬರಿ ಎಣ್ಣೆ. ಅದು ಕೂದಲಿನ ಒಳಕ್ಕೆ ಇಳಿಯುತ್ತೆ ಅನ್ನೋದು ನಿಜ. ತೊಳೆಯೋದಕ್ಕೆ ಮೊದಲು ಹಚ್ಚಿದರೆ ಒಳ್ಳೆಯದು. ಆದರೆ ಎಣ್ಣೆ ನೀರಲ್ಲ. ಒಣ ಕೂದಲಿಗೆ ಬರೀ ಎಣ್ಣೆ ಬಳಿದರೆ ಒಣಗಿದ್ದು ಒಣಗಿದ ಹಾಗೇ ಇರುತ್ತೆ, ಮೇಲೆ ಜಿಡ್ಡು ಅಷ್ಟೆ. ಹುಟ್ಟಿದಾಗಿನಿಂದ ಎಣ್ಣೆಯೇ ಸರ್ವರೋಗಕ್ಕೂ ಮದ್ದು ಅಂತ ಕೇಳಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ಆರು ತಿಂಗಳು ಹಿಡಿಯಿತು.

ಈಗ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಇದೇ ಕೆಲಸ. ಎರಡೂವರೆ ಗಂಟೆ ಬೇಕು. ಇಲ್ಲಿನವರು ಇದಕ್ಕೆ ‘ವಾಶ್ ಡೇ’ ಅಂತಾರೆ. ಡೇ ಅನ್ನೋದು ಸುಳ್ಳಲ್ಲ. ತಲೆಯನ್ನು ನಾಲ್ಕು ಭಾಗ ಮಾಡಿ ಕ್ಲಿಪ್ ಹಾಕುತ್ತೇನೆ. ಒಂದು ಭಾಗ ಬಿಚ್ಚಿ, ನೀರು ಚಿಮುಕಿಸಿ, ಲೋಳೆಯಾಗಿರೋದು ಏನಾದರೂ ಹಚ್ಚಿ, ಮೊದಲು ಬೆರಳಿನಿಂದಲೇ ಸಿಕ್ಕು ಬಿಡಿಸುತ್ತೇನೆ. ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರು ಮಾಡಿ ಒಂದೊಂದೇ ಇಂಚು ಮೇಲಕ್ಕೆ. ಎಡಗೈಯಲ್ಲಿ ಬುಡದ ಹತ್ತಿರ ಬಿಗಿಯಾಗಿ ಹಿಡಿದುಕೊಳ್ಳಬೇಕು. ಆಗ ಎಳೆತ ನನ್ನ ಕೈಗೆ ಬೀಳುತ್ತದೆ, ಅವಳ ನೆತ್ತಿಗೆ ಬೀಳುವುದಿಲ್ಲ. ಇದೊಂದು ಸಣ್ಣ ಉಪಾಯ ಗೊತ್ತಾದ ದಿನ ನಮ್ಮ ಮನೆಯಲ್ಲಿ ಅಳು ಅರ್ಧಕ್ಕರ್ಧ ಕಮ್ಮಿಯಾಯಿತು. ಬಿಡಿಸಿದ ಭಾಗವನ್ನು ಸಡಿಲವಾಗಿ ಹೆಣೆದು ಬಿಟ್ಟು, ಹಾಗೇ ಶಾಂಪೂ ಹಾಕುತ್ತೇನೆ, ಅದೂ ನೆತ್ತಿಗೆ ಮಾತ್ರ, ಬೆರಳ ತುದಿಯಿಂದ. ವಾರಕ್ಕೊಮ್ಮೆ, ಕೆಲವು ಸಲ ಹತ್ತು ದಿನಕ್ಕೊಮ್ಮೆ. ಒರೆಸೋದಕ್ಕೆ ಟವೆಲ್ ಬೇಡ, ಹಳೇ ಹತ್ತಿ ಟೀ ಶರ್ಟು ಸಾಕು. ತಿಕ್ಕಬಾರದು, ಹಿಂಡಬೇಕು. ಹಸಿ ಇರುವಾಗಲೇ ನೀರಿನಂಶ ಇರೋ ಕ್ರೀಮು, ಅದರ ಮೇಲೆ ಎಣ್ಣೆ, ಕೊನೆಗೆ ಶಿಯಾ ಬೆಣ್ಣೆ. ಒಳಗಿನ ನೀರು ಹೊರಗೆ ಹೋಗದ ಹಾಗೆ ಮುಚ್ಚಳ ಹಾಕಿದಂತೆ.

ಈ ‘ಲೋಳೆ’ಯ ವಿಷಯದಲ್ಲಿ ಮಾತ್ರ ನನಗೆ ಅತ್ತೆಯ ಮುಂದೆ ಸ್ವಲ್ಪ ಜಂಬ ಪಡೋ ಅವಕಾಶ ಸಿಕ್ಕಿತು. ಇಲ್ಲಿನ ತಾಯಂದಿರು ಅಗಸೆ ಬೀಜ ಕುದಿಸಿ ಜೆಲ್ ಮಾಡುತ್ತಾರೆ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು ಹಾಕಿ, ಎಂಟು ಹತ್ತು ನಿಮಿಷ ಕುದಿಸಿ, ಮೊಟ್ಟೆಯ ಬಿಳಿಯ ಹದಕ್ಕೆ ಬಂದಾಗ ಬಿಸಿ ಇರುವಾಗಲೇ ಸೋಸಬೇಕು. ಆರಿದರೆ ಮುಗೀತು, ಬಟ್ಟೆಯಿಂದ ಇಳಿಯೋದೇ ಇಲ್ಲ. ಅದನ್ನು ಮೊದಲ ಸಲ ಕೈಗೆ ತೆಗೆದುಕೊಂಡಾಗ ನನಗೆ ನಗು ಬಂತು. ಇದು ನಮ್ಮೂರ ಗೊಂಪೇ! ದಾಸವಾಳದ ಸೊಪ್ಪನ್ನೋ ಮತ್ತಿ ಸೊಪ್ಪನ್ನೋ ನೀರಲ್ಲಿ ಕಿವುಚಿ, ಅದರ ಲೋಳೆ ಹಚ್ಚಿಕೊಂಡು ನಾವು ತಲೆ ಮೀಯುತ್ತಿದ್ದದ್ದು. ಆ ಲೋಳೆಯಲ್ಲಿ ಸಿಕ್ಕು ಜಾರಿಕೊಂಡು ಬಿಡುತ್ತದೆ. ಈಗ ನಮ್ಮ ಅಡುಗೆಮನೆ ಕಿಟಕಿಯಲ್ಲಿ ಒಂದು ದಾಸವಾಳದ ಕುಂಡ ಇದೆ. ಚಳಿಗಾಲದಲ್ಲಿ ಎಲೆ ಉದುರಿಸಿಕೊಂಡು ನಿಂತಾಗ ಅಗಸೆ ಬೀಜ, ಬೇಸಿಗೆಯಲ್ಲಿ ಗೊಂಪು. ಸೀಗೆಕಾಯಿ ಮಾತ್ರ ಹಾಕಬೇಡಿ. ಒಂದೇ ಸಲ ಹಾಕಿದ್ದೆ, ಕೂದಲು ತೆಂಗಿನ ನಾರಿನ ಹಾಗಾಗಿತ್ತು.

ಅತ್ತೆ ತಂದಿದ್ದ ಇನ್ನೊಂದು ಸೀಸೆ ಜಮೈಕಾದ ಕರಿ ಹರಳೆಣ್ಣೆ. ಮುಚ್ಚಳ ತೆಗೆದ ಕೂಡಲೇ ಅಜ್ಜನ ಮನೆ ಬಚ್ಚಲು ನೆನಪಾಯಿತು. ಜಮೈಕಾದಲ್ಲೂ ಹರಳು ಬೀಜವನ್ನು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಾರೆ, ನಮ್ಮ ಹಳೇ ಪದ್ಧತಿಯ ಹಾಗೇ. ಅದೇ ಕಮಟು ವಾಸನೆ. ಅತ್ತೆಗೆ ಹೇಳಿದೆ. ಅವರು ನನ್ನ ಮುಖ ನೋಡಿ, “ಹಾಗಾದ್ರೆ ಇಷ್ಟು ದಿನ ಏನು ಮಾಡ್ತಿದ್ದೆ?” ಅಂದರು.

ರಾತ್ರಿ ಹೊತ್ತು ಹತ್ತಿ ದಿಂಬು ತೇವವನ್ನೆಲ್ಲ ಹೀರುತ್ತದೆ, ಎಳೆ ಉಜ್ಜಿ ಮುರಿಯುತ್ತದೆ. ಸ್ಯಾಟಿನ್ ಟೋಪಿ ಪುಟ್ಟಿಯ ತಲೆಯಲ್ಲಿ ಹನ್ನೊಂದು ಗಂಟೆಯ ಮೇಲೆ ನಿಲ್ಲುತ್ತಿರಲಿಲ್ಲ. ಕೊನೆಗೆ ನನ್ನ ಹಳೇ ರೇಷ್ಮೆ ಸೀರೆಯೊಂದನ್ನು ಕತ್ತರಿಸಿ ದಿಂಬಿನ ಕವರ್ ಹೊಲಿದೆ. ಈ ವಿಷಯ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ಗೊತ್ತಾದಾಗ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆರು ತಿಂಗಳಲ್ಲಿ ಹಿಂದಿನ ಬೋಳು ಮುಚ್ಚಿಕೊಂಡಿತು.

ಅತ್ತೆ ಮತ್ತು ನನಗೆ ನಿಜವಾದ ಜಗಳ ಆಗಿದ್ದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಕಲಿತ ಮೇಲೆ ನನಗೆ ಪುಟ್ಟಿಯ ಕೂದಲು ಹಾಗೇ ಬಿಟ್ಟರೇ ಚೆಂದ ಅನಿಸುತ್ತಿತ್ತು. ದುಂಡಗೆ, ದೊಡ್ಡದಾಗಿ, ಬೆಳಕು ಹಿಂದಿನಿಂದ ಬಿದ್ದರೆ ಅಂಚೆಲ್ಲ ಹೊಳೆಯುತ್ತದೆ. ಹಾಗೇ ಬಿಟ್ಟು ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಅತ್ತೆ ನೋಡಿ ಸಿಡುಕಿದರು. “ಮಗುವಿನ ತಲೆ ಮಾಡದೆ ಹೊರಗೆ ಕರ್ಕೊಂಡು ಹೋಗ್ತೀಯಾ?” ಕೂದಲು ಇರೋ ಹಾಗೇ ಚೆಂದ ಅಂತ ಅವಳಿಗೆ ಗೊತ್ತಾಗಲಿ ಅಂತ ತಾನೇ ನಾವು ಒದ್ದಾಡುತ್ತಿರೋದು ಅಂತ ನಾನೂ ವಾದಿಸಿದೆ. ಆಗ ಅವರು ಹೇಳಿದ್ದು ನನಗೆ ಮರೆಯೋದಿಲ್ಲ. “ಬಿಳಿ ಮಗುವಿನ ತಲೆ ಕೆದರಿದ್ದರೆ ಆಟ ಆಡಿ ಬಂದಿದೆ ಅಂತಾರೆ. ನಮ್ಮ ಮಗುವಿನ ತಲೆ ಕೆದರಿದ್ದರೆ ಮನೆಯಲ್ಲಿ ನೋಡ್ಕೊಳ್ಳೋರು ಇಲ್ಲ ಅಂತಾರೆ. ಅಲ್ಲಿ ನೀನು ನಿಂತುಕೊಂಡು ಭಾಷಣ ಮಾಡೋಕಾಗಲ್ಲ.”

ಅತ್ತೆ 1950ರ ದಶಕದಲ್ಲಿ ಹುಟ್ಟಿದವರು. ಈಸ್ಟರ್ ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಒಲೆಯ ಉರಿಗೆ ಹಿಡಿದ ಕಬ್ಬಿಣದ ಬಾಚಣಿಗೆಯಿಂದ ಅವರಮ್ಮ ಅವರ ಕೂದಲು ನೆಟ್ಟಗೆ ಮಾಡುತ್ತಿದ್ದರು. ಕಿವಿಯನ್ನು ಕೈಯಲ್ಲಿ ಮಡಚಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ಕೂರಬೇಕು. ಸ್ವಲ್ಪ ಅಲುಗಿದರೂ ಚುರ್. ಅವರ ಎಡಗಿವಿಯ ಮೇಲ್ತುದಿಯಲ್ಲಿ ಇವತ್ತಿಗೂ ಒಂದು ಕಲೆ ಇದೆ. ಅದನ್ನು ತೋರಿಸುತ್ತಾ ಅವರು ನಗುತ್ತಾರೆ, ಅಮ್ಮನ ಮೇಲೆ ಒಂದು ಚೂರೂ ಸಿಟ್ಟಿಲ್ಲ. ಹೊರಗಿನ ಜನ ಮಗಳತ್ತ ಬೆರಳು ಮಾಡಬಾರದು ಅಂತ ಅಮ್ಮ ಪಡುತ್ತಿದ್ದ ಪಾಡು ಅದು ಅಂತ ಅವರಿಗೆ ಗೊತ್ತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಗ್ಯಾಬಿ ಡಗ್ಲಸ್ ಅನ್ನೋ ಹದಿನಾರರ ಹುಡುಗಿ ಜಿಮ್ನಾಸ್ಟಿಕ್ಸಿನಲ್ಲಿ ಚಿನ್ನ ಗೆದ್ದಾಗ, ಜನ ಅವಳ ಕೂದಲು ನೀಟಾಗಿಲ್ಲ ಅಂತ ಆಡಿಕೊಂಡರು. “ಚಿನ್ನ ಗೆದ್ದರೂ ಬಿಡಲ್ಲ, ನಿನ್ನ ಮಗಳನ್ನ ಬಿಡ್ತಾರಾ?” ಅಂತ ಅತ್ತೆ ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗ ನಮ್ಮಿಬ್ಬರದು ಒಂದು ರಾಜಿ. ಮನೆಯಲ್ಲಿ, ಪಾರ್ಕಿನಲ್ಲಿ ಬಿಟ್ಟ ಕೂದಲು. ಶಾಲೆಗೆ, ಚರ್ಚಿಗೆ ಹೆಣೆದ ಕೂದಲು. ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಅವರಿಗೂ ಇಲ್ಲ.

ಹೆಣೆಯೋದು ಕಲಿಯುವಾಗ ಇನ್ನೊಂದು ಪೆಟ್ಟು ತಿಂದೆ. ನೆತ್ತಿಗೆ ಅಂಟಿಕೊಂಡ ಹಾಗೆ ಸಾಲು ಸಾಲಾಗಿ ಹೆಣೆಯೋ ಕಾರ್ನ್‌ರೋ ನನ್ನ ಕೈಗೆ ಬರುತ್ತಿರಲಿಲ್ಲ. ಶಾಲೆಯಲ್ಲಿ ಫೋಟೋ ತೆಗೆಯೋ ದಿನ ಹತ್ತಿರ ಬಂದಿತ್ತು. ಒಂದು ಪಾರ್ಲರಿಗೆ ಕರೆದುಕೊಂಡು ಹೋದೆ. ನಾಲ್ಕು ಗಂಟೆ ಕೂರಿಸಿದರು. ತುಂಬ ಚೆಂದ ಬಂತು, ಗೆರೆ ಎಳೆದ ಹಾಗೆ ಬೈತಲೆ, ತುದಿಗೆ ಬಿಳಿ ನೀಲಿ ಮಣಿ. ರಾತ್ರಿ ಪುಟ್ಟಿ ಮಲಗಲಿಲ್ಲ. ಹುಬ್ಬು ಎತ್ತಿದ ಹಾಗೇ ಇತ್ತು ಮುಖ. ಬೆಳಿಗ್ಗೆ ನೋಡಿದರೆ ಹಣೆಯಂಚಿನ ಉದ್ದಕ್ಕೂ ಸಾಸಿವೆ ಕಾಳಿನಂಥ ಗುಳ್ಳೆ. “ಬಿಗಿ ಇದ್ದರೆ ಜಾಸ್ತಿ ದಿನ ಬರುತ್ತೆ” ಅಂತ ಪಾರ್ಲರಿನಲ್ಲಿ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಅತ್ತೆ ಒಂದೂ ಮಾತಾಡದೆ ಎಲ್ಲ ಬಿಚ್ಚಿಹಾಕಿದರು. ಹೀಗೆ ಮತ್ತೆ ಮತ್ತೆ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲು ಉದುರಿ, ಕೊನೆಗೆ ಬುಡವೇ ಸತ್ತು ಮತ್ತೆ ಬರೋದೇ ಇಲ್ಲ. ಅದಕ್ಕೆ ವೈದ್ಯರು ಟ್ರ್ಯಾಕ್ಷನ್ ಅಲೊಪೀಶಿಯಾ ಅಂತಾರೆ. ಹೆಣೆದಾಗ ನೋವಾದರೆ ಅದು ಬಿಗಿ, ಅಷ್ಟೇ ಲೆಕ್ಕ. ಈಗ ನಾನೇ ಹೆಣೆಯುತ್ತೇನೆ. ಬೈತಲೆ ಇನ್ನೂ ಸ್ವಲ್ಪ ಸೊಟ್ಟ.

ಆ ವರ್ಷದ ಜುಲೈ 4ರಂದು ನಾದಿನಿಯ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ದೂರದ ಸಂಬಂಧದ ಹಿರಿಯ ಹೆಂಗಸೊಬ್ಬರು ಪುಟ್ಟಿಯ ಸುರುಳಿಯೊಂದನ್ನು ಬೆರಳಿಗೆ ಸುತ್ತಿಕೊಂಡು, “ನಿಂದು ಒಳ್ಳೆ ಕೂದಲು ಕಣಮ್ಮ. ನಿಮ್ಮಮ್ಮ ಇಂಡಿಯನ್ ಅಲ್ವಾ” ಅಂದರು. ಇಲ್ಲಿನ ಕಪ್ಪು ಕುಟುಂಬಗಳಲ್ಲಿ ‘ಗುಡ್ ಹೇರ್’ ಅನ್ನೋದಕ್ಕೆ ಹಳೇ ಅರ್ಥವೊಂದಿದೆ. ಸಡಿಲ ಸುರುಳಿ, ನೆಟ್ಟಗೆ, ಬಿಳಿಯರ ಕೂದಲಿಗೆ ಹತ್ತಿರ ಇದ್ದಷ್ಟೂ ‘ಒಳ್ಳೆಯದು’. ‘ಮನೆತನದಲ್ಲಿ ಇಂಡಿಯನ್ ಇದೆ’ ಅಂತ ಹೇಳಿಕೊಳ್ಳೋದೂ ಹಳೇ ರೂಢಿ. ಅವರು ಹೇಳೋ ಇಂಡಿಯನ್ ಅಮೆರಿಕದ ಮೂಲನಿವಾಸಿಗಳು, ಶಿರಸಿಯವರಲ್ಲ. ಆದರೂ ನನಗೆ ಒಳಗೊಳಗೇ ಖುಷಿಯಾಯಿತು. ಇಷ್ಟು ದಿನದ ಕಷ್ಟಕ್ಕೆ ಯಾರೋ ಶಭಾಷ್ ಅಂದ ಹಾಗೆ.

ಪಕ್ಕದಲ್ಲೇ ನಾದಿನಿಯ ಮಗಳು ನಿಂತಿದ್ದಳು. ಎಂಟು ವರ್ಷ. ಅವಳ ಕೂದಲು ಪುಟ್ಟಿಯದಕ್ಕಿಂತ ಇನ್ನೂ ಬಿಗಿ ಸುರುಳಿ. ಎಳೆದರೆ ಭುಜದ ತನಕ ಬರುತ್ತದೆ, ಬಿಟ್ಟರೆ ಕಿವಿಯ ಮೇಲೆ ಹೋಗಿ ಕೂರುತ್ತದೆ. ಕೈಯಲ್ಲಿ ಕಲ್ಲಂಗಡಿ ಹೋಳಿತ್ತು. ಮಾತು ಕೇಳಿ ತಿನ್ನೋದು ನಿಲ್ಲಿಸಿದಳು. ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಂಗಿಯ ಹುಡ್ ಎತ್ತಿ ತಲೆ ಮುಚ್ಚಿಕೊಂಡಳು. ಜುಲೈ ತಿಂಗಳ ಮಧ್ಯಾಹ್ನ, ಸೆಕೆಯಲ್ಲಿ ನಾವೆಲ್ಲ ಬೆವರುತ್ತಿದ್ದೆವು.

‘ಬಣ್ಣ ಸ್ವಲ್ಪ ಕಮ್ಮಿ, ಆದರೆ ಲಕ್ಷಣವಾಗಿದ್ದಾಳೆ’ ಅನ್ನೋ ಮಾತು ಕೇಳಿಕೊಂಡೇ ಬೆಳೆದವಳು ನಾನು. ನನ್ನಕ್ಕ ಬೆಳ್ಳಗಿದ್ದಳು. ಅವಳನ್ನು ಹೊಗಳುವಾಗಲೆಲ್ಲ ಜನ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಈ ಸಲ ನಾನು ಹೊಗಳಿಕೆಯ ಕಡೆ ನಿಂತಿದ್ದೆ, ಅಷ್ಟೆ ವ್ಯತ್ಯಾಸ. ಆ ಹಿರಿಯರಿಗೆ ಎದುರು ಮಾತಾಡೋ ಧೈರ್ಯ ನನಗೆ ಬರಲಿಲ್ಲ. ಮುಂದಿನ ಭಾನುವಾರ ನಾದಿನಿಗೆ ಹೇಳಿ ಆ ಹುಡುಗಿಯನ್ನೂ ನಮ್ಮ ಮನೆಗೆ ಕರೆಸಿಕೊಂಡೆ. ಈಗ ತಿಂಗಳಿಗೆರಡು ಭಾನುವಾರ ಇಬ್ಬರೂ ಸಾಲಾಗಿ ಕೂರುತ್ತಾರೆ. ಬಾಚುವಾಗ ಆಡಬಾರದ ಮಾತುಗಳ ಪಟ್ಟಿ ನಮ್ಮ ಫ್ರಿಜ್ಜಿನ ಮೇಲಿದೆ, ಬರೆದವಳು ನಾದಿನಿಯ ಮಗಳೇ. ‘ಒಳ್ಳೆ ಕೂದಲು’ ಮೊದಲನೆಯದು. ‘ಹಠಮಾರಿ ಕೂದಲು’ ಎರಡನೆಯದು. ‘ಅಯ್ಯೋ’ ಅನ್ನೋದನ್ನು ಪುಟ್ಟಿ ಸೇರಿಸಿದಳು, ಕನ್ನಡದಲ್ಲೇ.

ಕೂದಲ ಸಾಮಾನು ಮಾರೋ ಅಂಗಡಿಗೆ ಇಬ್ಬರನ್ನೂ ಕರೆದುಕೊಂಡು ಹೋಗುವಾಗ ಒಂದು ಗೋಡೆಯ ಮುಂದೆ ನಾನು ಯಾವಾಗಲೂ ನಿಲ್ಲುತ್ತೇನೆ. ನೆಲದಿಂದ ಸೂರಿನ ತನಕ ಪ್ಯಾಕೆಟ್ಟಿನಲ್ಲಿ ನೇತುಹಾಕಿದ ಕೂದಲು. ಕೆಲವು ಪ್ಯಾಕೆಟ್ಟಿನ ಮೇಲೆ ‘ಇಂಡಿಯನ್ ಹೇರ್’ ಅಂತ ಇರುತ್ತದೆ. ನನಗೆ ಐದು ವರ್ಷವಿದ್ದಾಗ ಜ್ವರ ಬಂದು ಉಳಿದದ್ದಕ್ಕೆ ತಿರುಪತಿಯಲ್ಲಿ ಮುಡಿ ಕೊಟ್ಟಿದ್ದರು. ಅಲ್ಲಿ ಬಿದ್ದ ಕೂದಲನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ, ಅದು ಹಡಗು ಹತ್ತಿ ಇಂಥ ಗೋಡೆಗಳ ತನಕ ಬರುತ್ತದೆ ಅಂತ ಆಗ ಯಾರಿಗೆ ಗೊತ್ತಿತ್ತು! ಹಾಗಂತ ಇದನ್ನು ತಲೆಗೆ ಸೇರಿಸಿಕೊಳ್ಳೋ ಹೆಂಗಸರನ್ನು ನೋಡಿ ನಗೋರಲ್ಲಿ ನಾನಿಲ್ಲ. ನಮ್ಮಮ್ಮನ ಬೀರುವಿನಲ್ಲೂ ಒಂದು ಚೌರಿ ಇದೆ. ಮದುವೆ ಮನೆಗೆ ಅದಿಲ್ಲದೆ ಅವಳು ಹೊರಟಿದ್ದನ್ನು ನಾನು ನೋಡಿಲ್ಲ.

ಅದೇ ಅಂಗಡಿಯ ಇನ್ನೊಂದು ಕಪಾಟಿನಲ್ಲಿ ಕೂದಲು ನೆಟ್ಟಗೆ ಮಾಡೋ ರಿಲ್ಯಾಕ್ಸರ್ ಡಬ್ಬಿಗಳು. ಮಕ್ಕಳಿಗೆ ಅಂತಲೇ ಬೇರೆ, ನಗೋ ಹುಡುಗಿಯ ಚಿತ್ರ ಇರೋವು. ದೊಡ್ಡವರದರಲ್ಲಿ ಎಷ್ಟೋ ಸಲ ಇರೋದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಕಾಸ್ಟಿಕ್ ಸೋಡ. ‘ಸೌಮ್ಯ’ ಅಂತ ಮಾರೋ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಎಲೆಗೆ ಹಚ್ಚೋ ಸುಣ್ಣದ ಜಾತಿ, ಜೊತೆಗೆ ಕಲಸಲು ಇನ್ನೊಂದು ದ್ರವ. ಕೂದಲಿನ ಒಳಗಿನ ಕಟ್ಟುಗಳನ್ನೇ ಮುರಿದು ನೆಟ್ಟಗೆ ಮಾಡುತ್ತದೆ. ನೆತ್ತಿಯಲ್ಲಿ ಗಾಯ ಇದ್ದರೆ ಉರಿ. ಅತ್ತೆ ನಲವತ್ತು ವರ್ಷ ಹಾಕಿಕೊಂಡವರು. 2022ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು ಬಂತು. ಸುಮಾರು 33,500 ಹೆಂಗಸರನ್ನು ಹನ್ನೊಂದು ವರ್ಷದ ಹತ್ತಿರ ಗಮನಿಸಿದ್ದರು. ಕೂದಲು ನೆಟ್ಟಗೆ ಮಾಡೋ ರಾಸಾಯನಿಕ ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರೋ ಅಂದಾಜು ನೂರಕ್ಕೆ 1.64 ಇದ್ದರೆ, ಪದೇ ಪದೇ ಬಳಸಿದವರಲ್ಲಿ 4.05. ಇದೇ ಕಾರಣ ಅಂತ ಅದು ಸಾಬೀತು ಮಾಡಲಿಲ್ಲ, ಸಂಬಂಧ ಇದೆ ಅಂದಿತು. ಅತ್ತೆ ಆ ಸುದ್ದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಪುಟ್ಟಿಯ ತಲೆಗೆ ಅದು ಬರಬಾರದು ಅಂತ ಮಾತ್ರ ಹೇಳಿದರು. ಮುಂದಿನ ತಿಂಗಳು ತಮ್ಮ ಕೂದಲನ್ನೂ ಒಂದಿಂಚಿಗೆ ಕತ್ತರಿಸಿಕೊಂಡು ಬಂದರು. ಅರವತ್ತು ದಾಟಿದ ಮೇಲೆ ತನ್ನ ಸ್ವಂತ ಕೂದಲು ಹೇಗಿದೆ ಅಂತ ಮೊದಲ ಸಲ ನೋಡುತ್ತಿದ್ದೇನೆ ಅಂದರು.

ಕಾನೂನು ಸ್ವಲ್ಪ ಬೆನ್ನಿಗಿದೆ. ಹೆಣೆದ ಕೂದಲು, ದುಂಡಗೆ ಬಿಟ್ಟ ಆಫ್ರೋ ಇಂಥವನ್ನು ನೆಪ ಮಾಡಿ ಶಾಲೆ, ಕೆಲಸಗಳಲ್ಲಿ ತಾರತಮ್ಯ ಮಾಡಬಾರದು ಅನ್ನೋ ಕ್ರೌನ್ ಆ್ಯಕ್ಟನ್ನು ಕ್ಯಾಲಿಫೋರ್ನಿಯಾ 2019ರಲ್ಲಿ ಮೊದಲು ತಂದಿತು. ಕೂದಲಿಗೂ ಒಂದು ಕಾನೂನು ಬೇಕಾ ಅಂತ ಅಮ್ಮ ಕೇಳಿದಳು. ಬೇಕಾಯಿತು. ನಮ್ಮ ಮೇರಿಲ್ಯಾಂಡಿನಲ್ಲಿ 2020ರಲ್ಲಿ ಬಂತು. ಇಡೀ ದೇಶಕ್ಕೆ ಅನ್ವಯಿಸೋ ಮಸೂದೆ 2022ರಲ್ಲಿ ಕೆಳಮನೆ ದಾಟಿ ಸೆನೆಟ್ಟಿನಲ್ಲಿ ನಿಂತಿತು. ಈಜಿನ ಟೋಪಿಗೂ ಇದೇ ಹಣೆಬರಹ. ಆಫ್ರೋ ಕೂದಲಿಗೆ ಹಿಡಿಸೋ ದೊಡ್ಡ ಟೋಪಿಯನ್ನು ಅಂತರರಾಷ್ಟ್ರೀಯ ಈಜು ಸಂಸ್ಥೆ 2021ರ ಟೋಕಿಯೋ ಒಲಿಂಪಿಕ್ಸಿಗೆ ಒಪ್ಪಲಿಲ್ಲ, 2022ರಲ್ಲಿ ಒಪ್ಪಿತು. ಪುಟ್ಟಿಯ ಈಜಿನ ತರಗತಿಗೆ ನಾನು ಅಂಥದ್ದೇ ತಂದಿದ್ದೇನೆ. ಕೊಳಕ್ಕೆ ಇಳಿಯೋ ಮೊದಲು ಕೂದಲಿಗೆ ಒಳ್ಳೆ ನೀರು ಹಾಕಿ, ಕಂಡೀಷನರ್ ಹಚ್ಚಿ, ಮೇಲೆ ಟೋಪಿ. ಮೊದಲೇ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಅಷ್ಟಾಗಿ ಹೀರುವುದಿಲ್ಲ.

ಒಮ್ಮೆ ತರಕಾರಿ ಅಂಗಡಿಯ ಸಾಲಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಹಿಂದಿನಿಂದ ಪುಟ್ಟಿಯ ತಲೆಗೆ ಕೈ ಹಾಕಿ ಒಂದು ಸುರುಳಿ ಎಳೆದು ಬಿಟ್ಟಳು. ಸ್ಪ್ರಿಂಗಿನ ಹಾಗೆ ಮೇಲೆ ಹೋಯಿತು. “ಎಷ್ಟು ಮುದ್ದು!” ಅಂದಳು. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯೋ ಮೊದಲೇ ನೆನಪೊಂದು ಬಂದು ಅಡ್ಡ ನಿಂತಿತು. ನಮ್ಮ ಜಿಲ್ಲೆಯಲ್ಲಿ, ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದವರ ವಂಶ, ತಲೆಮಾರುಗಳಿಂದ ಕನ್ನಡ ಕೊಂಕಣಿ ಆಡಿಕೊಂಡಿರೋರು. ಆರನೇ ಕ್ಲಾಸಿನಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಸಿದ್ದಿ ಹುಡುಗಿಯೊಬ್ಬಳು ಕೂರುತ್ತಿದ್ದಳು. ಅವಳ ಕೂದಲು ಎಳೆದು ಬಿಟ್ಟು ನೋಡೋದು ನಮಗೆಲ್ಲ ಆಟ. ‘ಸ್ಪ್ರಿಂಗು’ ಅಂತಲೇ ಹೆಸರಿಟ್ಟಿದ್ದೆವು. ನಾನೂ ಎಳೆದಿದ್ದೇನೆ. ಅವಳು ನಗುತ್ತಿದ್ದಳು ಅಂತ ನನಗೆ ನೆನಪು. ನಗುತ್ತಿದ್ದಳೋ ಇಲ್ಲವೋ, ಈಗ ಖಾತ್ರಿಯಿಲ್ಲ. ಸಾಲಿನಲ್ಲಿದ್ದ ಹೆಂಗಸಿಗೆ “ಮುಟ್ಟಬೇಡಿ” ಅಂದದ್ದು ನಾನಲ್ಲ, ಪುಟ್ಟಿ. ಗ್ರ್ಯಾಮಾ, ಅಂದರೆ ನನ್ನ ಅತ್ತೆ, ಹೇಳಿಕೊಟ್ಟಿದ್ದರಂತೆ.

ಹೋದ ವರ್ಷ ಶಿರಸಿಗೆ ಹೋದಾಗ ಅವಳಿಗೆ ಏಳು ವರ್ಷ. ತಮ್ಮನ ಮದುವೆ. ಮೊಮ್ಮಗಳಿಗೆ ಮೊಗ್ಗಿನ ಜಡೆ ಆಗಲೇಬೇಕು ಅಂತ ಅಮ್ಮನ ಹಠ. ಪುಟ್ಟಿಗೂ ಆಸೆ. ಕೂದಲು ನೀಳವಾಗಿಲ್ಲ, ಮೊಗ್ಗಿನ ದಂಡೆ ಎಲ್ಲಿ ನಿಲ್ಲುತ್ತೆ ಅಂತ ಚಿಕ್ಕಮ್ಮಂದಿರೆಲ್ಲ ಸುತ್ತ ಸೇರಿ ಚರ್ಚೆ. ನಾನು ಹಿಂದಿನ ದಿನವೇ ಆರು ಸಾಲು ಕಾರ್ನ್‌ರೋ ಹಿಂದಕ್ಕೆ ಹೆಣೆದು, ಕುತ್ತಿಗೆಯ ಹತ್ತಿರ ಒಟ್ಟು ಮಾಡಿ, ಅಮ್ಮನ ಚೌರಿಯನ್ನೇ ಸೇರಿಸಿ ಉದ್ದ ಮಾಡಿದ್ದೆ. ಅದರ ಮೇಲೆ ಮಲ್ಲಿಗೆ ಮೊಗ್ಗಿನ ದಂಡೆ ಕಟ್ಟಿ ಕುಚ್ಚು ಇಳಿಬಿಟ್ಟರೆ ಗಟ್ಟಿಯಾಗಿ ಕೂತಿತು. ನೆತ್ತಿಯ ಮೇಲಿನ ಸಾಲುಗಳ ನಡುವೆ ಒಂದೊಂದು ಮೊಗ್ಗು ಸಿಕ್ಕಿಸಿದ್ದು ಚಿಕ್ಕಮ್ಮನ ಐಡಿಯಾ. ನಮ್ಮ ಕೂದಲಲ್ಲಾದರೆ ಜಾರಿ ಬೀಳುತ್ತಿದ್ದವು. ಇವಳ ತಲೆಯಲ್ಲಿ ರಾತ್ರಿ ಊಟದ ತನಕ ಒಂದೂ ಬೀಳಲಿಲ್ಲ. ಮದುವೆಗೆ ಬಂದವರಲ್ಲಿ ಒಬ್ಬರು “ಪುಟ್ಟಪರ್ತಿ ಬಾಬಾ ಕೂದಲು” ಅಂತ ನಕ್ಕರು. ಇನ್ನೊಬ್ಬರು ಬಿಸಿಲಿಗೆ ಬಿಡಬೇಡ, ಇನ್ನೂ ಕಪ್ಪಾಗುತ್ತಾಳೆ ಅಂದರು. ಕೆಲವಕ್ಕೆ ಅಲ್ಲಲ್ಲೇ ಉತ್ತರ ಕೊಟ್ಟೆ, ಎಲ್ಲದಕ್ಕೂ ಆಗಲಿಲ್ಲ.

ಮದುವೆಯ ಮರುದಿನ ನಾನು ಎದ್ದಾಗ ಎಂಟು ಗಂಟೆ. ಅಮ್ಮ ಜಗಲಿಯ ಮೇಲೆ ಪುಟ್ಟಿಯನ್ನು ಮುಂದೆ ಕೂರಿಸಿಕೊಂಡು ಜಡೆ ಬಿಚ್ಚಿದ್ದಳು. ಪಕ್ಕದಲ್ಲಿ ಬಾಡಿದ ಮೊಗ್ಗಿನ ರಾಶಿ. ಕೈಯಲ್ಲಿ ನನ್ನ ಬಾಲ್ಯದ ಅದೇ ಸಣ್ಣ ಹಲ್ಲಿನ ಬಾಚಣಿಗೆ. “ಎಂತಾ ಸಿಕ್ಕೇ ಇದು, ಅಯ್ಯೋ...” ಅಂತ ಅಮ್ಮ ಶುರು ಮಾಡುತ್ತಿದ್ದ ಹಾಗೆ ಪುಟ್ಟಿ ಹಿಂದಕ್ಕೆ ತಿರುಗಿ ಅವಳ ಕೈ ಹಿಡಿದುಕೊಂಡಳು.

“ಅಜ್ಜಿ, ‘ಅಯ್ಯೋ’ ಹೇಳಂಗಿಲ್ಲ. ಮೊದಲು ನೀರು. ಆಮೇಲೆ ಬಾಚಣಿಗೆ. ಅದೂ ತುದಿಯಿಂದ.”

ಅಮ್ಮ ನನ್ನ ಕಡೆ ನೋಡಿದಳು. ನಾನು ಬಾಗಿಲಲ್ಲಿ ಸುಮ್ನೆ ನಿಂತಿದ್ದೆ. “ಆತು ಮಾರಾಯ್ತಿ” ಅಂತ ಬಾಚಣಿಗೆ ಕೆಳಗಿಟ್ಟು, ಮಂಡಿಗೆ ಕೈಯೂರಿ ಎದ್ದು, ತಂಬಿಗೆ ತರೋದಕ್ಕೆ ಬಚ್ಚಲಿಗೆ ಹೋದಳು.